ವಾರಕ್ಕೆ 28 ಗಂಟೆ: ಜಪಾನಿಗೆ ಓದಲು ಹೊರಡುವ ಮೊದಲು ಹಾಕಬೇಕಾದ ಲೆಕ್ಕ

ಜಪಾನಿನ ಭಾಷಾ ಶಾಲೆಗಳಿಗೆ ಸೇರಿಸಿಕೊಡುವ ಏಜೆಂಟರ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಮೊದಲ ಕಂತು ಕಟ್ಟಿ ಹೊರಟುಬಿಡಿ, ಮಿಕ್ಕಿದ್ದನ್ನು ಅಲ್ಲೇ ಪಾರ್ಟ್ ಟೈಮ್ ದುಡಿದು ತೀರಿಸಿದರಾಯಿತು. ಇದನ್ನು ನಂಬಿ ಸಾಲ ಎತ್ತುವ ಮೊದಲು ಒಂದು ಹಾಳೆ ಹಿಡಿದು ಕೂತರೆ ಸಾಕು, ಆ ಮಾತು ಎಲ್ಲಿ ಮುರಿದು ಬೀಳುತ್ತದೆ ಅನ್ನುವುದು ಮನೆಯಲ್ಲೇ ತಿಳಿಯುತ್ತದೆ.

ವಿದ್ಯಾರ್ಥಿ ವೀಸಾದವರಿಗೆ ವಾರಕ್ಕೆ 28 ಗಂಟೆ ಕೆಲಸ ಮಾಡಲು ಅನುಮತಿ ಸಿಗುತ್ತದೆ. ಟೋಕಿಯೊದ ಕನಿಷ್ಠ ವೇತನ 2025ರ ಅಕ್ಟೋಬರಿನಿಂದ ಗಂಟೆಗೆ 1,226 ಯೆನ್. ತಿಂಗಳಿಗೆ 120 ಗಂಟೆ ಹಿಡಿದರೆ ಕೈಗೆ ಬರುವುದು ಸುಮಾರು 1,47,000 ಯೆನ್. ಈಗ ಖರ್ಚು ಬರೆಯಿರಿ. ಸಣ್ಣ ಕೋಣೆಗೋ ಶೇರ್ ಹೌಸಿಗೋ ಬಾಡಿಗೆ 50,000, ಕರೆಂಟು ಗ್ಯಾಸು ನೀರು ಸೇರಿ 10,000, ಮೊಬೈಲಿಗೆ 3,000, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 35,000, ರೈಲಿಗೆ 10,000, ಆರೋಗ್ಯ ವಿಮೆ, ಸಾಬೂನು, ಕ್ಷೌರ ಎಲ್ಲ ಸೇರಿ 7,000. ಒಟ್ಟು 1,15,000. ಒಂದು ದಿನವೂ ಜ್ವರ ಬಾರದೆ, ಒಂದು ಶಿಫ್ಟೂ ತಪ್ಪದೆ ದುಡಿದರೂ ತಿಂಗಳಿಗೆ ಉಳಿಯುವುದು 32,000, ವರ್ಷಕ್ಕೆ 3,84,000 ಯೆನ್. ಭಾಷಾ ಶಾಲೆಯ ವರ್ಷದ ಫೀಸು 7ರಿಂದ 9 ಲಕ್ಷ ಯೆನ್. ಹೆಚ್ಚುಕಡಿಮೆ ಅರ್ಧವಷ್ಟೇ ಹುಟ್ಟಿತು. ಊರಲ್ಲಿ ಮಾಡಿದ ಸಾಲದ ಬಡ್ಡಿ ಈ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ.

ಮೊದಲ ತಿಂಗಳುಗಳಲ್ಲಂತೂ ಈ 1,47,000 ಕೂಡ ಇರುವುದಿಲ್ಲ. ಕೆಲಸ ಹುಡುಕಲು ತಿಂಗಳು, ಒಂದೂವರೆ ತಿಂಗಳು ಹಿಡಿಯುತ್ತದೆ. ಸೇರಿದ ಮೇಲೂ ತಿಂಗಳ ಕೊನೆಗೆ ಲೆಕ್ಕ ಮುಗಿಸಿ ಮುಂದಿನ ತಿಂಗಳು 25ಕ್ಕೆ ಸಂಬಳ ಹಾಕುವ ಕಡೆಗಳೇ ಜಾಸ್ತಿ. ಏಪ್ರಿಲ್‌ನಲ್ಲಿ ಇಳಿದವರ ಖಾತೆಗೆ ಮೊದಲ ಪೂರ್ತಿ ಸಂಬಳ ಬೀಳುವಾಗ ಜೂನ್ ಕೊನೆಯೋ ಜುಲೈ ಕೊನೆಯೋ ಆಗಿರುತ್ತದೆ. ಹಾಗಾಗಿ ಮೊದಲ ವರ್ಷದ ಫೀಸು ಪೂರ್ತಿ ಕಟ್ಟಿ, ಅದರ ಮೇಲೆ ನಾಲ್ಕು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೊರಡುವುದು ಕ್ಷೇಮ. ಅಷ್ಟು ಹೊಂದದಿದ್ದರೆ ಒಂದು ವರ್ಷ ತಡವಾಗಿ ಹೋಗಿ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಲ್ಲಿ ಹೋಗಿ ಕೆಡುವವರಲ್ಲಿ ಬಹಳ ಮಂದಿ ಸೋಮಾರಿಗಳಲ್ಲ. ಫೀಸಿಗಾಗಿ 28 ಗಂಟೆ ದಾಟಿ ದುಡಿದು, ತರಗತಿಯಲ್ಲಿ ನಿದ್ದೆ ಹೋಗಿ, ಹಾಜರಿ ಕಳೆದುಕೊಂಡು, ಕೊನೆಗೆ ವೀಸಾ ವಿಸ್ತರಣೆ ಸಿಗದೆ ಸಾಲದ ಸಮೇತ ವಾಪಸಾದವರು.

ಹಾಗಾದರೆ ಆ 28 ಗಂಟೆ ಯಾತಕ್ಕೆ? ಹೊಟ್ಟೆಪಾಡಿಗೆ ಹೌದು. ಅದಕ್ಕಿಂತ ಹೆಚ್ಚಾಗಿ, ಸಂಬಳ ಕೊಟ್ಟು ಜಪಾನಿ ಮಾತಾಡಿಸುವ ಜಾಗ ಅದೊಂದೇ. ಆ ವಿಷಯಕ್ಕೆ ಆಮೇಲೆ ಬರೋಣ.

ಹೊರಡುವ ಮೊದಲು

ಆಸ್ಟ್ರೇಲಿಯಾ, ಫ್ರಾನ್ಸ್, ಕೊರಿಯಾದ ಹುಡುಗ ಹುಡುಗಿಯರು ಒಂದು ವರ್ಷ ಹೋಟೆಲಿನಲ್ಲಿ ದುಡಿಯುತ್ತಾ ಜಪಾನೆಲ್ಲ ಸುತ್ತುವ ವಿಡಿಯೋಗಳನ್ನು ನೋಡಿರುತ್ತೀರಿ. ಅವರದು ವರ್ಕಿಂಗ್ ಹಾಲಿಡೇ ವೀಸಾ. ಭಾರತದ ಜೊತೆ ಜಪಾನಿಗೆ ಆ ಒಪ್ಪಂದ ಇಲ್ಲ. ನಮಗೆ ಇರುವ ದಾರಿಗಳು ಮುಖ್ಯವಾಗಿ ಮೂರು. ವಿದ್ಯಾರ್ಥಿಯಾಗಿ ಹೋಗುವುದು, ಪದವಿ ತೋರಿಸಿ ಇಂಜಿನಿಯರ್ ಮುಂತಾದ ಕೆಲಸದ ವೀಸಾ ಪಡೆಯುವುದು, ಇಲ್ಲವೇ 2019ರಲ್ಲಿ ಶುರುವಾದ ‘ತೊಕುತೇ ಗಿನೋ’ ಎಂಬ ನುರಿತ ಕೆಲಸಗಾರರ ವೀಸಾದಲ್ಲಿ ವೃದ್ಧರ ಆರೈಕೆಯಂಥ ಕೆಲಸಕ್ಕೆ ಹೋಗುವುದು. ಬಿ.ಇ. ಮುಗಿಸಿ ಎರಡು ಮೂರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು ಭಾಷಾ ಶಾಲೆಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಎರಡನೇ ದಾರಿಯನ್ನು ನೋಡಬೇಕು. ಬೆಂಗಳೂರಿನಲ್ಲೇ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್3, ಎನ್2 ಹಂತ (ಎನ್5 ಮೊದಲನೆಯದು, ಎನ್1 ಕೊನೆಯದು) ಮುಗಿಸಿ ನೇರವಾಗಿ ಕೆಲಸಕ್ಕೆ ಹೋದರೆ ಎರಡು ವರ್ಷ ಉಳಿಯುತ್ತದೆ. ಪಿಯುಸಿ ಮುಗಿಸಿ ಅಲ್ಲೇ ಡಿಗ್ರಿ ಓದಬೇಕೆನ್ನುವವರು ಜಪಾನ್ ಸರ್ಕಾರದ ಮೆಕ್ಸ್‌ಟ್ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸದೆ ಬಿಡಬಾರದು. ಫೀಸು ಇಲ್ಲ, ವಿಮಾನದ ಖರ್ಚು ಅವರದೇ, ಪದವಿ ವಿದ್ಯಾರ್ಥಿಗೆ ತಿಂಗಳಿಗೆ 1,17,000 ಯೆನ್. ಸ್ವಂತ ದುಡ್ಡಿನಲ್ಲೇ ಓದುವುದಾದರೂ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ನಿಗದಿತ ಫೀಸು ವರ್ಷಕ್ಕೆ 5,35,800 ಯೆನ್, ಪ್ರವೇಶ ಶುಲ್ಕ 2,82,000. ಟೋಕಿಯೊ ವಿಶ್ವವಿದ್ಯಾಲಯದಂಥ ಕೆಲವು ಅದನ್ನು ಏರಿಸಿವೆ, ಆದರೂ ಅನೇಕ ಭಾಷಾ ಶಾಲೆಗಳಿಗಿಂತ ಅಗ್ಗ.

ಭಾಷಾ ಶಾಲೆಯೇ ಸರಿ ಅಂದರೆ, ಅಲ್ಲಿ ಹೆಚ್ಚೆಂದರೆ ಎರಡು ವರ್ಷ ಓದಬಹುದು. ಪ್ರವೇಶ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ. ಏಪ್ರಿಲ್‌ಗೆ ಸೇರಬೇಕೆಂದರೆ ಹಿಂದಿನ ಅಕ್ಟೋಬರ್ ಹೊತ್ತಿಗೆ ಕಾಗದ ಪತ್ರ ಶಾಲೆಗೆ ಹೋಗಿರಬೇಕು. ಶಾಲೆಯೇ ವಲಸೆ ಇಲಾಖೆಗೆ ಅರ್ಜಿ ಹಾಕುತ್ತದೆ. ಉತ್ತರ ಫೆಬ್ರವರಿ ಕೊನೆಗೆ ಬರುತ್ತದೆ. ಆ ಉತ್ತರವೇ ಸಿಓಇ, ಅರ್ಹತಾ ಪ್ರಮಾಣಪತ್ರ. ಅದರ ಆಯುಸ್ಸು ಮೂರು ತಿಂಗಳು. ಅಷ್ಟರಲ್ಲಿ ಬೆಂಗಳೂರಿನಲ್ಲಿ ವೀಸಾ ಹಾಕಿಸಿಕೊಂಡು ಜಪಾನಿನಲ್ಲಿ ಇಳಿದಿರಬೇಕು. ಸಿಓಇ ತಿರಸ್ಕಾರವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಜಪಾನಿ ಕಲಿತ ಪುರಾವೆ ಸಾಲದಿರುವುದು ಒಂದು. 150 ಗಂಟೆ ಕಲಿತ ಪ್ರಮಾಣಪತ್ರ ಅಥವಾ ಎನ್5 ಕೇಳುವುದು ವಾಡಿಕೆ. ಇನ್ನೊಂದು ಅಪ್ಪನ ಬ್ಯಾಂಕ್ ಖಾತೆಗೆ ಅರ್ಜಿಯ ಹಿಂದಿನ ವಾರ ದಿಢೀರನೆ ಬಂದು ಕೂತ ದುಡ್ಡು. ಇಲಾಖೆ ನೋಡುವುದು ಮೊತ್ತವನ್ನಷ್ಟೇ ಅಲ್ಲ, ಅದು ಹೇಗೆ ಕೂಡಿತು ಅನ್ನುವುದನ್ನೂ. ಜಮೀನು ಮಾರಿದ ಹಣವಾದರೆ ಕ್ರಯಪತ್ರದ ಅನುವಾದ ಜೊತೆಗಿಡಿ. ಶಾಲೆ ಆರಿಸುವಾಗ ಒಂದು ಪ್ರಶ್ನೆ ಕೇಳಿ: 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ಕಾನೂನಿನಡಿ ಶಿಕ್ಷಣ ಸಚಿವಾಲಯದ ಮಾನ್ಯತೆ ಸಿಕ್ಕಿದೆಯೇ? ಹಳೆಯ ಶಾಲೆಗಳಿಗೆ ಐದು ವರ್ಷದ ಗಡುವು ಕೊಟ್ಟಿದ್ದಾರೆ. ಆ ಗಡುವಿನೊಳಗೆ ಮಾನ್ಯತೆ ಪಡೆಯದ ಶಾಲೆಗೆ ನಿಮ್ಮ ಎರಡು ವರ್ಷ ಒಪ್ಪಿಸಬೇಡಿ.

ಪೆಟ್ಟಿಗೆ ಕಟ್ಟುವಾಗ ಔಷಧಿಯ ಕಡೆ ಗಮನವಿರಲಿ. ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ನಮ್ಮಲ್ಲಿ ಮಾಮೂಲು, ಅವುಗಳ ಪ್ರಮಾಣ ಮಿತಿ ಮೀರಿದ್ದರೆ ಅಲ್ಲಿ ಕೇಸಾಗುವಂಥವು. ವೈದ್ಯರು ಬರೆದುಕೊಟ್ಟ ಸಾಮಾನ್ಯ ಮಾತ್ರೆಗಳನ್ನು ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು, ಅದಕ್ಕಿಂತ ಹೆಚ್ಚಾದರೆ ಮೊದಲೇ ಆಮದು ದೃಢೀಕರಣ ಪಡೆಯಬೇಕು. ಮಾಂಸದ ಯಾವ ಪದಾರ್ಥವೂ ಬೇಡ. ಅಮ್ಮ ಪ್ರೀತಿಯಿಂದ ಇಟ್ಟುಕೊಟ್ಟ ಹಸಿ ಕರಿಬೇವು, ಮಾವಿನಹಣ್ಣು ವಿಮಾನ ನಿಲ್ದಾಣದಲ್ಲೇ ಹೋಗುತ್ತವೆ. ಸಾರಿನ ಪುಡಿ, ಚಟ್ನಿಪುಡಿಗೆ ಅಡ್ಡಿಯಿಲ್ಲ.

ಮೊದಲ ಹದಿನಾಲ್ಕು ದಿನ

ನರಿತಾ, ಹನೆದಾ, ಕನ್ಸಾಯ್‌ನಂಥ ದೊಡ್ಡ ನಿಲ್ದಾಣದಲ್ಲಿ ಇಳಿದರೆ ಜೈರ್ಯೂ ಕಾರ್ಡ್, ಅಂದರೆ ವಾಸದ ಕಾರ್ಡ್, ಕೌಂಟರಿನಲ್ಲೇ ಸಿಗುತ್ತದೆ. ಅದೇ ಸಾಲಿನಲ್ಲಿ ಪಾರ್ಟ್ ಟೈಮ್ ಅನುಮತಿಯ ಫಾರಂ ಕೊಡಿ. ಮನೆಯಲ್ಲೇ ತುಂಬಿಕೊಂಡು ಹೋಗಬಹುದು, ಶುಲ್ಕ ಇಲ್ಲ, ಕಾರ್ಡಿನ ಹಿಂಬದಿಗೆ ಅಲ್ಲೇ ಮುದ್ರೆ ಬೀಳುತ್ತದೆ. ಪ್ರಯಾಣದ ಸುಸ್ತಿನಲ್ಲಿ ಮರೆತರೆ ಆಮೇಲೆ ವಲಸೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ವಾರಗಟ್ಟಲೆ ಕಾಯಬೇಕು, ಅಷ್ಟು ದಿನ ಒಂದು ಗಂಟೆಯೂ ದುಡಿಯುವಂತಿಲ್ಲ.

ಮನೆ ಸೇರಿದ ಹದಿನಾಲ್ಕು ದಿನದೊಳಗೆ ಆ ಪ್ರದೇಶದ ಕುಯಾಕುಶೊ ಅಥವಾ ಶಿಯಾಕುಶೊಗೆ, ನಮ್ಮ ನಗರಸಭೆ ಇದ್ದ ಹಾಗೆ, ಹೋಗಿ ವಿಳಾಸ ದಾಖಲಿಸಬೇಕು. ಅವತ್ತೇ ಇನ್ನೆರಡು ಕೆಲಸ ಮುಗಿಸಿ. ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಿ. ಆಸ್ಪತ್ರೆ ಬಿಲ್ಲಿನ ಶೇ. 30 ಮಾತ್ರ ನಿಮ್ಮದಾಗುತ್ತದೆ, ಹಿಂದಿನ ವರ್ಷ ಆದಾಯ ಇಲ್ಲದ ವಿದ್ಯಾರ್ಥಿಗೆ ಕಂತೂ ಕಡಿಮೆ. ಆದರೆ ಆದಾಯ ಸೊನ್ನೆಯಾಗಿದ್ದರೂ ಅದನ್ನು ಪ್ರತಿವರ್ಷ ಬರೆದುಕೊಡಬೇಕು. ಕೊಡದಿದ್ದರೆ ರಿಯಾಯಿತಿ ತಪ್ಪುತ್ತದೆ. ಎರಡನೆಯದು ನೆನ್‌ಕಿನ್, ಪಿಂಚಣಿ. 20 ತುಂಬಿದ ಎಲ್ಲರಿಗೂ ಕಡ್ಡಾಯ, 2025ರಲ್ಲಿ ತಿಂಗಳಿಗೆ 17,510 ಯೆನ್. ಕಾಲೇಜು ವಿದ್ಯಾರ್ಥಿಗಳಿಗೆ ಇದನ್ನು ಮುಂದೂಡುವ ವ್ಯವಸ್ಥೆ ಇದೆ. ಭಾಷಾ ಶಾಲೆಗಳಲ್ಲಿ ಎಲ್ಲವೂ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿಲ್ಲದ ಶಾಲೆಯವರು ಕಡಿಮೆ ಆದಾಯದವರ ವಿನಾಯಿತಿಗೆ, ‘ಮೆನ್‌ಜೊ’ಗೆ, ಅರ್ಜಿ ಹಾಕಬೇಕು. ಎರಡಕ್ಕೂ ಪ್ರತಿವರ್ಷ ಹೊಸ ಅರ್ಜಿ. ಬಿಲ್ಲು ಬಂದಾಗ ಡ್ರಾಯರಿಗೆ ಹಾಕಿ ಸುಮ್ಮನಿದ್ದರೆ ಮುಂದೆ ಕೆಲಸದ ವೀಸಾಕ್ಕೆ ಹೋದಾಗ ಅದೇ ಎದುರಿಗೆ ಬಂದು ನಿಲ್ಲುತ್ತದೆ.

ಕಾರ್ಡು ಸದಾ ಮೈಮೇಲೆ ಇರಬೇಕು. ಇಲ್ಲದೆ ಸಿಕ್ಕಿಬಿದ್ದರೆ 2 ಲಕ್ಷ ಯೆನ್‌ವರೆಗೆ ದಂಡ ಹಾಕಬಹುದು. ಯಾವ ಮಾಲೀಕನೂ ಪಾಸ್‌ಪೋರ್ಟು, ಕಾರ್ಡು ಇಟ್ಟುಕೊಳ್ಳುವ ಹಾಗಿಲ್ಲ.

ಇನ್ನು ಹೆಸರು. ಕರ್ನಾಟಕದವರಿಗೆ ಇದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಮನೆತನದ ಹೆಸರಿನ ಜಾಗ ಖಾಲಿ, ಇಲ್ಲವೇ ಅಪ್ಪನ ಹೆಸರೋ ಊರಿನ ಹೆಸರೋ ಅಲ್ಲಿ ಕೂತಿರುತ್ತದೆ. ಜಪಾನಿನ ಪ್ರತಿ ಫಾರಂ ‘ಸೇ’ ಮತ್ತು ‘ಮೇ’, ಮನೆತನ ಮತ್ತು ಹೆಸರು, ಎರಡನ್ನೂ ಕೇಳುತ್ತದೆ. ಅದರ ಮೇಲೆ ಕತಕಾನಾ ಲಿಪಿಯಲ್ಲಿ ಉಚ್ಚಾರಣೆಯನ್ನೂ ಬರೆಯಬೇಕು. ಆ ಲಿಪಿಯಲ್ಲಿ ಲ, ಳ, ರ ಮೂರಕ್ಕೂ ಒಂದೇ ಅಕ್ಷರ. ಗೌಡ ಅನ್ನುವುದನ್ನು ಗ-ಉ-ದ, ಗೊ-ಉ-ದ, ಗೋ-ದ ಹೀಗೆ ಮೂರು ಬಗೆಯಲ್ಲಿ ಬರೆಯಬಹುದು, ವಿನಯ್‌ಗೆ ‘ವಿ’ಯೂ ಉಂಟು ‘ಬಿ’ಯೂ ಉಂಟು. ಯಾವುದು ಸರಿ ಅನ್ನುವ ಪ್ರಶ್ನೆಯೇ ಬೇಡ. ಮೊದಲ ದಿನ ಒಂದನ್ನು ಆರಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ನಗರಸಭೆ, ಬ್ಯಾಂಕು, ಮೊಬೈಲು, ಕೆಲಸದ ಜಾಗ ಎಲ್ಲ ಕಡೆ ಅದನ್ನೇ ಬರೆಯಿರಿ. ಬ್ಯಾಂಕಿನ ವರ್ಗಾವಣೆ ನಡೆಯುವುದು ಕತಕಾನಾ ಹೆಸರಿನ ಮೇಲೆ. ಒಂದು ಅಕ್ಷರ ಬೇರೆಯಾದರೂ ಸಂಬಳ ತಿರುಗಿ ಹೋಗುತ್ತದೆ.

ಬಂದು ಆರು ತಿಂಗಳಾಗದವರಿಗೆ ಖಾತೆ ತೆರೆಯಲು ಹಲವು ಬ್ಯಾಂಕುಗಳು ಒಪ್ಪುವುದಿಲ್ಲ. ಶಾಲೆಯವರಿಗೆ ಯಾವ ಶಾಖೆ ಒಪ್ಪುತ್ತದೆ ಎಂದು ಗೊತ್ತಿರುತ್ತದೆ, ಅವರನ್ನೇ ಕೇಳಿ. ಊರಿಗೆ ಮರಳುವ ಮುಂಚೆ ‘ನಿನ್ನ ಖಾತೆ, ಎಟಿಎಂ ಕಾರ್ಡು ನಮಗೆ ಕೊಡು, ಇಷ್ಟು ದುಡ್ಡು ಕೊಡ್ತೀವಿ’ ಅನ್ನುವವರು ಸಾಮಾಜಿಕ ಜಾಲತಾಣಗಳಲ್ಲಿ ಬಹಳ ಮಂದಿ. ಖಾತೆ ಮಾರುವುದು ಅಲ್ಲಿ ಅಪರಾಧ, ಬಂಧನದವರೆಗೂ ಹೋಗುತ್ತದೆ. ‘ಯಾಮಿ ಬೈತೊ’ ಎಂಬ ಕತ್ತಲ ಕೆಲಸಗಳೂ ಅಷ್ಟೇ. ಒಂದು ಪಾರ್ಸೆಲ್ ತಂದುಕೊಟ್ಟರೆ ಇಷ್ಟು ಸಾವಿರ ಅನ್ನುವ ಮಾತಿನಿಂದಲೇ ಅವು ಶುರುವಾಗುವುದು.

28 ಗಂಟೆ ಎಲ್ಲಿ ತಪ್ಪುತ್ತದೆ

ಅಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ‘ಅರುಬೈತೊ’ ಅನ್ನುತ್ತಾರೆ, ಬಾಯಿಮಾತಲ್ಲಿ ‘ಬೈತೊ’. 28 ಗಂಟೆ ಅಂದರೆ ಸೋಮವಾರದಿಂದ ಭಾನುವಾರ ಅಂತ ಲೆಕ್ಕ ಹಾಕಿ ಎಡವುವವರು ಬಹಳ. ಯಾವ ದಿನದಿಂದ ಎಣಿಸಿದರೂ ಸತತ ಏಳು ದಿನದಲ್ಲಿ 28 ದಾಟಬಾರದು. ಈ ವಾರದ ಕೊನೆಗೆ ಮತ್ತು ಮುಂದಿನ ವಾರದ ಮೊದಲಿಗೆ ಶಿಫ್ಟು ತುಂಬಿಕೊಂಡರೆ ನಡುವಿನ ಏಳು ದಿನ ಮೀರಿರುತ್ತದೆ. ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ 28. ಶಾಲೆಯ ನಿಯಮದಲ್ಲಿ ಬರೆದಿರುವ ದೀರ್ಘ ರಜೆಯಲ್ಲಿ ಮಾತ್ರ ದಿನಕ್ಕೆ 8 ಗಂಟೆವರೆಗೆ ಮಾಡಬಹುದು. ಪಚಿಂಕೊ ಎಂಬ ಜೂಜಿನಂಥ ಯಂತ್ರದಾಟದ ಅಂಗಡಿ, ಮಾಜಾಂಗ್ ಆಟದ ಕ್ಲಬ್ಬು, ಗಿರಾಕಿಯ ಪಕ್ಕ ಕೂತು ಉಪಚರಿಸುವ ಬಾರು, ಇಲ್ಲಿ ಪಾತ್ರೆ ತೊಳೆಯುವುದಕ್ಕೂ ಹೋಗುವಂತಿಲ್ಲ. ಆ್ಯಪ್ ಹಿಡಿದು ಸೈಕಲ್ಲಿನಲ್ಲಿ ಊಟ ತಲುಪಿಸುವ ಗುತ್ತಿಗೆ ಕೆಲಸದಲ್ಲಿ ಗಂಟೆಗಳನ್ನು ಖಚಿತವಾಗಿ ತೋರಿಸಲು ಆಗದ್ದರಿಂದ ಸಾಮಾನ್ಯವಾಗಿ ಈ ಅನುಮತಿಯೊಳಗೆ ಅದು ಬರುವುದಿಲ್ಲ.

‘ಯಾರಿಗೆ ಗೊತ್ತಾಗುತ್ತೆ?’ ಅನ್ನುವ ಮಾತು ಅಲ್ಲಿನ ಸೀನಿಯರುಗಳಿಂದಲೇ ಕೇಳಿಬರುತ್ತದೆ. ವಿದೇಶಿಯರನ್ನು ಕೆಲಸಕ್ಕೆ ಇಟ್ಟುಕೊಂಡ ಪ್ರತಿ ಮಾಲೀಕನೂ ಅದನ್ನು ಸರ್ಕಾರದ ಉದ್ಯೋಗ ಕಚೇರಿಗೆ ವರದಿ ಮಾಡಬೇಕು. ಸಂಬಳವೆಲ್ಲ ನಗರಸಭೆಯ ತೆರಿಗೆ ದಾಖಲೆಯಲ್ಲಿ ಕೂಡುತ್ತದೆ. ವೀಸಾ ಬದಲಿಸಲು ಹೋದಾಗ ಇಲಾಖೆ ಕೇಳುವುದೇ ಆ ತೆರಿಗೆ ಪ್ರಮಾಣಪತ್ರವನ್ನು. ವರ್ಷಕ್ಕೆ 52 ವಾರ, ವಾರಕ್ಕೆ 28 ಗಂಟೆ, ಗಂಟೆಗೆ 1,226 ಯೆನ್, ಗುಣಿಸಿದರೆ 17.8 ಲಕ್ಷ ಚಿಲ್ಲರೆ. ರಜೆಯ ಗಂಟೆಗಳು, ರಾತ್ರಿ 10ರಿಂದ ಬೆಳಿಗ್ಗೆ 5ರವರೆಗಿನ ಶೇ. 25 ಹೆಚ್ಚುವರಿ ಸೇರಿಸಿದರೂ ವಿವರಿಸಲಾಗದ ಮೊತ್ತ ಕಾಗದದ ಮೇಲಿದ್ದರೆ ಅಧಿಕಾರಿ ಬೇರೇನೂ ಹುಡುಕಬೇಕಾಗಿಲ್ಲ. ಕೆಲಸದ ಆಫರ್ ಕೈಯಲ್ಲಿದ್ದೂ ವೀಸಾ ಸಿಗದೆ ಹೋಗುವುದು ಹೀಗೆ.

ಇನ್ನೊಂದು ಹೊಂಡ ಶಾಲೆ ಮುಗಿದ ಮೇಲಿನದು. ಅನುಮತಿ ಶಾಲೆಯ ದಾಖಲಾತಿಗೆ ಕಟ್ಟಿದ್ದು. ಮಾರ್ಚಿನಲ್ಲಿ ಪದವಿ ಮುಗಿದು, ಕಾರ್ಡಿನ ಅವಧಿ ಜುಲೈವರೆಗೆ ಇದ್ದರೂ, ಏಪ್ರಿಲ್‌ನಲ್ಲಿ ಬೈತೊ ಮಾಡಿದರೆ ಅದು ಅಕ್ರಮ. ಶಾಲೆ ಬಿಟ್ಟ ಹದಿನಾಲ್ಕು ದಿನದೊಳಗೆ ಇಲಾಖೆಗೆ ತಿಳಿಸುವುದೂ ನಿಮ್ಮದೇ ಜವಾಬ್ದಾರಿ. ಹಾಜರಿಯನ್ನು ಶೇ. 90ರ ಮೇಲೆ ಇಟ್ಟುಕೊಳ್ಳಿ. 80ರ ಕೆಳಗೆ ಜಾರಿದರೆ ವಿಸ್ತರಣೆಯ ಹೊತ್ತಿಗೆ ಕಾರಣ ಬರೆದುಕೊಡುವ ಪರಿಸ್ಥಿತಿ ಬರುತ್ತದೆ.

ಎರಡನೇ ವರ್ಷದ ಜೂನ್‌ನಲ್ಲಿ ಮತ್ತೊಂದು ಲಕೋಟೆ ಬರುತ್ತದೆ, ವಾಸ ತೆರಿಗೆಯದು. ಜನವರಿ 1ಕ್ಕೆ ಎಲ್ಲಿದ್ದಿರೋ ಆ ಊರಿಗೆ, ಹಿಂದಿನ ವರ್ಷದ ಆದಾಯದ ಮೇಲೆ ಕಟ್ಟಬೇಕಾದದ್ದು. ತಿಂಗಳಿಗೆ ಎರಡು ಮೂರು ಸಾವಿರ ಎತ್ತಿಟ್ಟಿದ್ದರೆ ನಿರಾಳ.

ಕನ್ನಡ ಬಲ್ಲವರಿಗೆ ಜಪಾನಿ

ನಮ್ಮವರು ಜಪಾನಿಯನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ, ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ ಇವೆ ಎಂಬ ಕಾರಣಕ್ಕೆ. ಅದರಿಂದ ದಾರಿ ಸುತ್ತಾಗುತ್ತದೆ. ಕನ್ನಡದಿಂದ ಹೊರಟರೆ ಅರ್ಧ ವ್ಯಾಕರಣ ಬಾಯಲ್ಲೇ ಇದೆ.

ಬೆಳಿಗ್ಗೆ ಮನೆ ಬಿಡುವಾಗ ಅವರು ಹೇಳುವುದು ‘ಇತ್ತೆ ಕಿಮಸು’. ಇತ್ತೆ ಅಂದರೆ ಹೋಗಿ, ಕಿಮಸು ಅಂದರೆ ಬರ್ತೀನಿ. ಹೋಗಿ ಬರ್ತೀನಿ, ಅಷ್ಟೇ! ‘ತಬೆತೆ ಮಿರು’ ತಿಂದು ನೋಡುವುದು, ‘ವಸುರೆತೆ ಶಿಮತ್ತ’ ಮರೆತುಬಿಟ್ಟೆ, ‘ಕತ್ತೆ ಒಕು’ ಕೊಂಡಿಡುವುದು. ಆ ‘ನೋಡು’, ‘ಬಿಡು’, ‘ಇಡು’ ಮೂರೂ ಎರಡು ಭಾಷೆಗಳಲ್ಲಿ ಒಂದೇ ಜಾಗದಲ್ಲಿ ಕೂತು ಒಂದೇ ಕೆಲಸ ಮಾಡುತ್ತವೆ. ಇಂಗ್ಲಿಷಿನವರಿಗೆ ಇದೊಂದು ಅಧ್ಯಾಯ, ನಮಗೆ ಒಂದು ಸಾಲು. ‘ಕುರು ತೊ ಇತ್ತ’, ಬರ್ತೀನಿ ಅಂತ ಹೇಳಿದ. ಆ ‘ತೊ’ ನಮ್ಮ ‘ಅಂತ’. ‘ದರೆ’ ಯಾರು, ‘ದರೆ ಮೊ’ ಯಾರೂ, ‘ದರೆ ಕ’ ಯಾರೋ. ‘ನಾನಿ ಮೊ’ ಏನೂ, ‘ನಾನಿ ಕ’ ಏನೋ. ‘ಕಿನೋ ಕತ್ತ ಹೊನ್’, ನಿನ್ನೆ ಕೊಂಡ ಪುಸ್ತಕ. ಪದಕ್ಕೆ ಪದ ಅದೇ ಸಾಲು. ‘ವಕರು’ ಅನ್ನುವ ಕ್ರಿಯಾಪದವನ್ನು ಇಂಗ್ಲಿಷಿನ ಕಡೆಯಿಂದ ಬಂದವರು ಸಕರ್ಮಕ ಅಂದುಕೊಂಡು ‘ಒ’ ಪ್ರತ್ಯಯ ಹಚ್ಚಿ ತಪ್ಪು ಮಾಡುತ್ತಾರೆ. ಅದು ‘ಅರ್ಥವಾಗು’. ‘ನನಗೆ ಜಪಾನಿ ಅರ್ಥವಾಗುತ್ತದೆ’ ಅನ್ನುವ ನಾಲಿಗೆಗೆ ‘ನಿಹೊಂಗೊ ಗ ವಕರು’ ತಾನಾಗಿ ಬರುತ್ತದೆ.

ಕಿವಿಯೂ ನಮ್ಮ ಪರ. ‘ಒಬಸಾನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸಾನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂದರೆ ಅಂಚೆಚೀಟಿ. ಹ್ರಸ್ವ ದೀರ್ಘ, ಒತ್ತಕ್ಷರ ಬಾಲ್ಯದಿಂದ ತಿದ್ದಿ ಬಂದವರಿಗೆ ಈ ವ್ಯತ್ಯಾಸ ಕೇಳಿಸದೇ ಇರುವುದಿಲ್ಲ. ಅವರ ‘ನ್’ ಕೂಡ ನಮ್ಮ ಅನುಸ್ವಾರದ ಹಾಗೆಯೇ. ಸಂಪಿಗೆಯಲ್ಲಿ ಒಂದು ಸದ್ದು, ಸಂತೆಯಲ್ಲಿ ಒಂದು, ಸಂಗದಲ್ಲಿ ಇನ್ನೊಂದು. ಹಾಗೆಂದು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತಾ ಕೂರಬೇಡಿ. ಹಿರಗಾನಾ, ಕತಕಾನಾ ಎರಡನ್ನೂ ಮೊದಲ ಎರಡು ಮೂರು ವಾರದಲ್ಲಿ ಮುಗಿಸಿ.

ಕಷ್ಟ ಇರುವುದು ಬೇರೆ ಕಡೆ. ‘ವ’ ಮತ್ತು ‘ಗ’ ಪ್ರತ್ಯಯಗಳ ನಡುವಿನ ಸೂಕ್ಷ್ಮ, ಎಣಿಸುವ ವಸ್ತುವಿಗೆ ತಕ್ಕಂತೆ ಬದಲಾಗುವ ಎಣಿಕೆ ಪದಗಳು, ಎದುರಿನವರನ್ನು ಏರಿಸಿ ತನ್ನನ್ನು ಇಳಿಸಿ ಮಾತಾಡುವ ಕೇಗೊ, ಮತ್ತು ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ದಿನಬಳಕೆಯ ಅಧಿಕೃತ ಪಟ್ಟಿಯಲ್ಲೇ 2,136 ಕಾಂಜಿ ಇವೆ. ಚೀನಾದ ಸಹಪಾಠಿಗಳು ಇದರಲ್ಲಿ ಮೊದಲ ದಿನದಿಂದ ಮುಂದೆ ಇರುತ್ತಾರೆ, ತರಗತಿಯ ವೇಗವೂ ಎಷ್ಟೋ ಕಡೆ ಅವರದೇ. ದಿನಕ್ಕೆ ಐದು ಕಾಂಜಿ, ಒಂದೊಂದೇ ಅಕ್ಷರವಾಗಿ ಅಲ್ಲದೆ ಎರಡಕ್ಷರದ ಪದವಾಗಿ, ಊರಲ್ಲಿ ಇರುವಾಗಲೇ ಶುರುಮಾಡಿದರೆ ಹೋಗುವ ಹೊತ್ತಿಗೆ ಮುನ್ನೂರಾದರೂ ಕೈಯಲ್ಲಿ ಇರುತ್ತವೆ.

ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲೂ ಕೇಂದ್ರವಿದೆ. ಎನ್2ಕ್ಕೆ 180ರಲ್ಲಿ 90 ಬಂದರೆ ಪಾಸು, ಆದರೆ ಮೂರು ಭಾಗಗಳಲ್ಲಿ ಒಂದೊಂದರಲ್ಲೂ 60ಕ್ಕೆ 19 ಬರಲೇಬೇಕು. ಒಟ್ಟು 120 ಬಂದು ಓದುವ ಭಾಗದಲ್ಲಿ 18 ಬಂದರೆ ಫೇಲು. ನಮ್ಮವರು ಹೆಚ್ಚಾಗಿ ಬೀಳುವುದು ಆ ಓದುವ ಭಾಗದಲ್ಲೇ, ಕಾಂಜಿಯ ದೆಸೆಯಿಂದ.

ಇನ್ನು ಕೆಲಸದ ಆಯ್ಕೆ. ರಾತ್ರಿ ಪಾಳಿಯ ಬೆಂತೊ (ಊಟದ ಡಬ್ಬಿ) ಕಾರ್ಖಾನೆಯಲ್ಲಿ ದುಡ್ಡು ಜಾಸ್ತಿ, ಮಾತು ಬೇಕಾಗಿಲ್ಲ. ಅಲ್ಲಿ ಒಂದೂವರೆ ವರ್ಷ ಅನ್ನದ ಡಬ್ಬಿಗೆ ಉಪ್ಪಿನಕಾಯಿ ಇಡುತ್ತಾ ಕಳೆದವರ ಜಪಾನಿ ಬಂದ ದಿನ ಇದ್ದಲ್ಲೇ ಇರುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಅನಿವಾರ್ಯವಾದರೆ ಹೋಗಿ. ಎನ್4 ದಾಟಿದ ತಕ್ಷಣ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೋ ಕೊಂಬಿನಿ ಎಂಬ ದಿನಬಳಕೆ ಸಾಮಾನಿನ ಅಂಗಡಿಗೋ ಬದಲಿಸಿ. ಕೊಂಬಿನಿಯಲ್ಲಿ ಸಿಗರೇಟಿಗೆಲ್ಲ ನಂಬರ್ ಇದೆ, ಗಿರಾಕಿ ಹೆಸರಿನ ಬದಲು ನಂಬರ್ ಹೇಳುತ್ತಾನೆ. ಕರೆಂಟ್ ಬಿಲ್ಲು, ಪಾರ್ಸೆಲ್ಲು, ಬಿಸಿ ಮಾಡಿಕೊಡುವುದು, ಪಾಯಿಂಟ್ ಕಾರ್ಡು, ಹೀಗೆ ಒಂದು ಗಂಟೆಯಲ್ಲಿ ನೂರು ಸಣ್ಣ ಸಂಭಾಷಣೆ. ಶಾಲೆ ಕೊಡಲಾರದ್ದು ಇದು.

ಕೆಲಸಕ್ಕೆ ಅರ್ಜಿ ಕೈಬರಹದ ರಿರೆಕಿಶೊ. ನೂರು ಯೆನ್ ಅಂಗಡಿಯಲ್ಲಿ ಖಾಲಿ ಫಾರಂ ಸಿಗುತ್ತದೆ, 3×4 ಸೆಂಟಿಮೀಟರ್ ಫೋಟೊ ಅಂಟಿಸಬೇಕು. ತಪ್ಪಾದರೆ ವೈಟ್ನರ್ ಹಚ್ಚದೆ ಹೊಸ ಹಾಳೆ ತೆಗೆದುಕೊಳ್ಳಿ. ಸಂದರ್ಶನಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ಹೊರಗೆ ನಿಂತು ಐದು ನಿಮಿಷ ಇರುವಾಗ ಒಳಗೆ ಕಾಲಿಡಿ. ಸೇರಿದ ಮೇಲೆ ನಮ್ಮವರಿಗೆ ತೊಂದರೆ ಕೊಡುವ ಒಂದು ಅಭ್ಯಾಸ ಇದೆ. ನಾವು ತಲೆ ಅತ್ತಿತ್ತ ಅಲ್ಲಾಡಿಸಿದರೆ ಮ್ಯಾನೇಜರಿಗೆ, ಅಲ್ಲಿನ ಮಾತಲ್ಲಿ ತೆನ್‌ಚೋಗೆ, ಅದು ‘ಇಲ್ಲ’ ಅಂತಲೋ ‘ಸಂದೇಹ’ ಅಂತಲೋ ಕಾಣುತ್ತದೆ. ಇನ್ನೊಂದು, ಅರ್ಥವಾಗದಿದ್ದರೂ ‘ವಕರಿಮಶಿತ’ (ಅರ್ಥವಾಯಿತು) ಅನ್ನುವುದು. ಮತ್ತೆ ಕೇಳಿದ್ದಕ್ಕೆ ಅಲ್ಲಿ ಯಾರೂ ಬೈಯುವುದಿಲ್ಲ, ಕೇಳದೆ ತಪ್ಪು ಮಾಡಿದರೆ ಶಿಫ್ಟು ಕಡಿಮೆಯಾಗುತ್ತದೆ. ಕೇಳಿದ್ದನ್ನು ತಿರುಗಿ ಹೇಳಿ ಖಚಿತಮಾಡಿಕೊಳ್ಳಿ. ಹುಷಾರಿಲ್ಲದಿದ್ದರೆ ಮೆಸೇಜು ಸಾಲದು, ಫೋನ್ ಮಾಡಬೇಕು. ಬಿಡುವುದಾದರೆ ಒಂದು ತಿಂಗಳು ಮೊದಲೇ ಹೇಳಿ. ಸದ್ದಿಲ್ಲದೆ ಮಾಯವಾಗುವವರಿಂದ ಅಲ್ಲಿ ಮುಂದೆ ಬರುವ ಭಾರತೀಯರಿಗೂ ಬಾಗಿಲು ಮುಚ್ಚುತ್ತದೆ.

ಮನೆ, ಒಲೆ

ಬಾಡಿಗೆ 50,000 ಅಂತ ಕಂಡ ಮನೆಗೆ ಕಾಲಿಡಲು ಎರಡೂವರೆ ಮೂರು ಲಕ್ಷ ಬೇಕಾಗುತ್ತದೆ. ಶಿಕಿಕಿನ್ (ಠೇವಣಿ) ಒಂದು ತಿಂಗಳದ್ದು, ರೇಕಿನ್ (ಮಾಲೀಕನಿಗೆ ಕೊಡುವ, ವಾಪಸು ಬಾರದ ಕಾಣಿಕೆ) ಒಂದು ತಿಂಗಳದ್ದು, ದಲ್ಲಾಳಿಗೆ ಒಂದು ತಿಂಗಳು ಮತ್ತು ತೆರಿಗೆ, ಜಾಮೀನು ಕಂಪನಿಗೆ ಅರ್ಧದಿಂದ ಒಂದು ತಿಂಗಳು, ಮುಂಗಡ ಬಾಡಿಗೆ, ಬೆಂಕಿ ವಿಮೆ, ಬೀಗ ಬದಲಾವಣೆ. ಬಲ್ಬು, ಫ್ಯಾನು, ಒಲೆ ಕೂಡ ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಮೊದಲ ಆರು ತಿಂಗಳು ಶಾಲೆಯ ಹಾಸ್ಟೆಲ್ಲೇ ಲೇಸು. ಮನೆ ಹಿಡಿದ ದಿನ ಗೋಡೆ ನೆಲದ ಪ್ರತಿ ಗೀಚಿನ ಫೋಟೊ ತೆಗೆದಿಡಿ. ಸಹಜ ಸವಕಳಿ ಮಾಲೀಕನ ಪಾಲಿಗೆ, ಒಗ್ಗರಣೆಯ ಜಿಡ್ಡು ಕಟ್ಟಿದ ಗೋಡೆ ಮಾತ್ರ ನಿಮ್ಮ ಠೇವಣಿಯಲ್ಲಿ ಮುರಿಯುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕದೆ ಸಾಸಿವೆ ಮೆಣಸಿನಕಾಯಿ ಹಾಕಬೇಡಿ.

ಊರಿನ ಮಿಕ್ಸಿ ಒಯ್ಯಬೇಡಿ. ಅಲ್ಲಿ ಕರೆಂಟು 100 ವೋಲ್ಟ್, ನಮ್ಮ 230 ವೋಲ್ಟ್ ಮಿಕ್ಸಿ ಅಲ್ಲಿ ಉದ್ದು ರುಬ್ಬುವುದಿಲ್ಲ, ಬರೀ ಗುನುಗುತ್ತದೆ. ಹೊಂದುವ ಟ್ರಾನ್ಸ್‌ಫಾರ್ಮರ್ ಭಾರ, ದುಬಾರಿ ಎರಡೂ. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್ ತಳದ್ದೇ ಇರಲಿ. ತೊಗರಿಬೇಳೆ, ಸೋನಾ ಮಸೂರಿ, ಸಾಂಬಾರ್ ಸಾಮಾನಿಗೆ ಟೋಕಿಯೊದಲ್ಲಿ ಭಾರತೀಯರು ಹೆಚ್ಚಾಗಿರುವ ನಿಶಿ-ಕಸಾಯ್, ಇಲ್ಲವೇ ಶಿನ್-ಒಕುಬೊ ಬಳಿಯ ಮಸಾಲೆ ಅಂಗಡಿಗಳು. ಜಪಾನಿ ಅಕ್ಕಿ ಅಂಟು, ಚಿತ್ರಾನ್ನಕ್ಕೆ ಆಗದು, ಮೊಸರನ್ನಕ್ಕೆ ಬಹಳ ಚೆನ್ನ. ಸಸ್ಯಾಹಾರಿಗಳು ತಿಳಿದಿರಬೇಕಾದ ಪದ ‘ದಶಿ’. ತರಕಾರಿ ಸಾರಿನ ಹಾಗೆ ಕಾಣುವ ಮಿಸೊ ಸೂಪು, ಉದೊನ್ ನೂಡಲ್ಸಿನ ತಿಳಿ, ಎರಡರಲ್ಲೂ ಸಾಮಾನ್ಯವಾಗಿ ದಶಿ, ಅಂದರೆ ಒಣಮೀನಿನ ಕಟ್ಟು, ಇರುತ್ತದೆ. ‘ಮಾಂಸ ಇಲ್ಲದ್ದು’ ಅಂದರೆ ಅವರ ಮನಸ್ಸಿನಲ್ಲಿ ಮೀನು ಹೊರಗೆ ಹೋಗಿರುವುದಿಲ್ಲ.

ಕಸ ಬೆಳಿಗ್ಗೆ ಎಂಟರೊಳಗೆ, ಆಯಾ ದಿನದ ಬಗೆಯದು ಮಾತ್ರ. ಹಿಂದಿನ ರಾತ್ರಿ ಇಟ್ಟರೆ ಕಾಗೆ ಹರಡುತ್ತದೆ, ನೆರೆಯವರ ದೂರು ಮಾಲೀಕನಿಗೆ ಹೋಗುತ್ತದೆ. ಜೋರು ಭೂಕಂಪವಾದಾಗ ಗ್ಯಾಸ್ ಮೀಟರ್ ತಾನಾಗಿ ನಿಲ್ಲುತ್ತದೆ. ಒಲೆ ಹೊತ್ತದಿದ್ದರೆ ಗಾಬರಿ ಬೇಡ. ಎಲ್ಲ ಒಲೆ ಆರಿಸಿ, ವಾಸನೆ ಇಲ್ಲವೆಂದು ನೋಡಿ, ಮೀಟರಿನ ಗುಂಡಿ ಒತ್ತಿ ಮೂರು ನಿಮಿಷ ಕಾಯಿರಿ. ಆಂಬುಲೆನ್ಸು, ಬೆಂಕಿಗೆ 119, ಪೊಲೀಸಿಗೆ 110.

ಸುತ್ತಾಟ

ಪ್ರವಾಸಿಗರ ಜಪಾನ್ ರೈಲ್ ಪಾಸ್ ವಿದ್ಯಾರ್ಥಿ ವೀಸಾದವರಿಗೆ ಇಲ್ಲ. ಅಪ್ಪ ಅಮ್ಮ ಪ್ರವಾಸಿ ವೀಸಾದಲ್ಲಿ ಬಂದರೆ ಅವರು ಕೊಳ್ಳಬಹುದು, 2025ರಲ್ಲಿ ಏಳು ದಿನಕ್ಕೆ 50,000 ಯೆನ್ ಇತ್ತು. ಟೋಕಿಯೊ, ಕ್ಯೋತೊ ಹೋಗಿ ಬರುವಷ್ಟಕ್ಕೆ ಅದು ನಷ್ಟ. ನಿಮಗೆ ಸಲ್ಲುವುದು ‘ಸೇಶುನ್ 18 ಕಿಪ್ಪು’. ಹೆಸರಿನಲ್ಲಿ 18 ಇದ್ದರೂ ಯಾವ ವಯಸ್ಸಿನವರೂ ಕೊಳ್ಳಬಹುದು. ಶಾಲೆಗಳ ರಜಾಕಾಲದಲ್ಲಿ ಮಾತ್ರ ಮಾರುತ್ತಾರೆ, ಸತತ ಮೂರು ದಿನಕ್ಕೆ 10,000, ಐದು ದಿನಕ್ಕೆ 12,050 ಯೆನ್. ಜೆಆರ್‌ನ (ಜಪಾನ್ ರೈಲ್ವೇಯ) ಸಾಧಾರಣ ಮತ್ತು ರಾಪಿಡ್ ರೈಲು ಮಾತ್ರ, ಶಿಂಕಾನ್ಸೆನ್ (ಬುಲೆಟ್ ರೈಲು) ಹತ್ತುವಂತಿಲ್ಲ. ಟೋಕಿಯೊದಿಂದ ಕ್ಯೋತೊಗೆ ಎಂಟೊಂಬತ್ತು ಗಂಟೆ, ಹಲವು ಕಡೆ ಇಳಿದು ಹತ್ತಬೇಕು. ಆದರೆ ಪೆಟ್ಟಿಗೆ ಅಂಗಡಿಯಂಥ ಸ್ಟೇಷನ್ನುಗಳು, ಶಾಲೆ ಮಕ್ಕಳು, ಚಹಾ ತೋಟಗಳು ಎಲ್ಲ ಕಣ್ಣಿಗೆ ಸಿಗುವುದು ಆ ರೈಲಿನಲ್ಲೇ. ಕಾಲೇಜಿನವರಿಗೆ ನೂರು ಕಿಲೋಮೀಟರ್ ದಾಟಿದ ಪ್ರಯಾಣಕ್ಕೆ ಶೇ. 20 ರಿಯಾಯಿತಿ ಇದೆ. ಭಾಷಾ ಶಾಲೆಯವರಿಗೆ ಎಲ್ಲ ಕಡೆ ಅದು ಸಿಗದು, ಕಚೇರಿಯಲ್ಲಿ ವಿಚಾರಿಸಿ.

ಹಳೆಯ ಸೈಕಲ್ಲು ಗೆಳೆಯನಿಂದ ಕೊಂಡರೆ ನೋಂದಣಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ರಾತ್ರಿ ಪೊಲೀಸರು ನಿಲ್ಲಿಸಿ ನಂಬರ್ ನೋಡುವುದು ಸಾಮಾನ್ಯ, ಬೇರೆಯವರ ಹೆಸರು ಬಂದರೆ ಠಾಣೆಯಲ್ಲಿ ಕೂರಬೇಕಾಗುತ್ತದೆ.

ರಜೆಗೆ ಊರಿಗೆ ಬರುವಾಗ ನಿಲ್ದಾಣದಲ್ಲಿ ಒಂದು ಸಣ್ಣ ಚೀಟಿ ತುಂಬಿಸುತ್ತಾರೆ. ಅದರಲ್ಲಿ ‘ಮತ್ತೆ ಜಪಾನಿಗೆ ಮರಳುತ್ತೇನೆ’ ಅನ್ನುವ ಚೌಕಕ್ಕೆ ಗುರುತು ಹಾಕಲೇಬೇಕು. ಹಾಕಿದರೆ ಒಂದು ವರ್ಷದೊಳಗೆ, ಕಾರ್ಡಿನ ಅವಧಿ ಅದಕ್ಕೂ ಮೊದಲು ಮುಗಿಯುವುದಾದರೆ ಅಷ್ಟರೊಳಗೆ, ಹೊಸ ವೀಸಾ ಇಲ್ಲದೆ ಮರಳಬಹುದು. ಹಾಕದೆ ಹೊರಟರೆ ನಿಮ್ಮ ವಾಸದ ಹಕ್ಕು ಆ ಕೌಂಟರಿನಲ್ಲೇ ಮುಗಿಯಿತು, ಮತ್ತೆ ಸಿಓಇಯಿಂದ ಶುರುಮಾಡಬೇಕು. ಅಧಿಕಾರಿ ಚೀಟಿ ತೆಗೆದುಕೊಂಡಾಗ ‘ರೀ-ಎಂಟ್ರಿ’ ಅಂತ ಬಾಯಿಬಿಟ್ಟೂ ಹೇಳಿ.